ಮಾನ್ಯತೆ ಪಡೆದ ಕೋಣೆ

ಲಾರ್ಡ್ ಕರ್ಜನ್ ಕಾಲದ 1904ರ ಭಾರತೀಯ ವಿಶ್ವವಿದ್ಯಾಲಯಗಳ ಕಾಯಿದೆ ಉನ್ನತ ಶಿಕ್ಷಣದ ಮೇಲೆ ಸರ್ಕಾರದ ಹಿಡಿತವನ್ನು ಬಿಗಿಗೊಳಿಸಿತು ಎಂದು ಚರಿತ್ರೆಯ ಪುಸ್ತಕಗಳಲ್ಲಿ ಓದಿರುತ್ತೇವೆ. ಅದೇ ಕಾಯಿದೆಯ 21ನೇ ಸೆಕ್ಷನ್‌ನಲ್ಲಿ ಬಾಡಿಗೆ ಮನೆಗಳಿಗೆ ಸಂಬಂಧಿಸಿದ ಒಂದು ಷರತ್ತೂ ಇತ್ತು. ವಿಶ್ವವಿದ್ಯಾಲಯದ ಸಂಯೋಜನೆ ಬೇಕೆನ್ನುವ ಕಾಲೇಜು, ಹೆತ್ತವರ ಅಥವಾ ಪೋಷಕರ ಜೊತೆ ಇಲ್ಲದ ವಿದ್ಯಾರ್ಥಿಗಳಿಗೆ ತನ್ನಲ್ಲೇ ವಸತಿ ಕೊಡಬೇಕು. ಇಲ್ಲವೇ ತಾನು ಒಪ್ಪಿದ ಬಿಡಾರಗಳಲ್ಲಿ ಅವರು ಇರುವಂತೆ ನೋಡಿಕೊಳ್ಳಬೇಕು. ಅವರ ಮೇಲ್ವಿಚಾರಣೆ, ದೇಹಾರೋಗ್ಯದ ಹೊಣೆಯೂ ಕಾಲೇಜಿನದೇ. ವಿದ್ಯಾರ್ಥಿಗಳ ಬಾಡಿಗೆ ಕೋಣೆಗೆ ಮಾನ್ಯತೆ ಬೇಕು ಎಂಬ ಮಾತು ಹೀಗೆ ನಮ್ಮ ದೇಶದ ಕಾನೂನಿನೊಳಗೆ ಬಂತು.

ವಿಚಾರ ಇಂಗ್ಲೆಂಡಿನದು. ಕೇಂಬ್ರಿಡ್ಜಿನಲ್ಲಿ ಊರಿನ ಮನೆ ಮಾಲೀಕರು ವಿದ್ಯಾರ್ಥಿಗಳಿಂದ ಮನಬಂದಂತೆ ಬಾಡಿಗೆ ಕೀಳುತ್ತಿದ್ದರು. 1231ರಲ್ಲಿ ಮೂರನೇ ಹೆನ್ರಿ ದೊರೆ, ಇಬ್ಬರು ಅಧ್ಯಾಪಕರೂ ಇಬ್ಬರು ಊರಿನವರೂ ಕೂತು ಬಾಡಿಗೆ ನಿಗದಿ ಮಾಡಬೇಕೆಂದು ಆಜ್ಞೆ ಮಾಡಿದ. ಅಲ್ಲಿ ಮೊದಲ ಪ್ರಶ್ನೆ ವಿದ್ಯಾರ್ಥಿಯ ಜೇಬಿನದು. ಭಾರತಕ್ಕೆ ಬರುವ ಹೊತ್ತಿಗೆ ಅದು ವಿದ್ಯಾರ್ಥಿಯ ನಡತೆಯ ಪ್ರಶ್ನೆಯಾಗಿತ್ತು. ಹುಡುಗ ಎಲ್ಲಿ ಮಲಗುತ್ತಾನೆ, ಯಾರ ಜೊತೆ ಇದ್ದಾನೆ ಎನ್ನುವುದು ಕಾಲೇಜಿಗೆ ಗೊತ್ತಿರಬೇಕು. ಬಾಡಿಗೆ ಎಷ್ಟಿರಬೇಕು ಎಂದು ಆ ಸೆಕ್ಷನ್ ಹೇಳಲಿಲ್ಲ. ಮಾಲೀಕ ಯಾರಿಗೆ ಬಾಗಿಲು ತೆರೆಯಬೇಕು ಎಂದೂ ಹೇಳಲಿಲ್ಲ.

ನಾಗಪುರವನ್ನೇ ನೋಡಿ. ಮಧ್ಯಪ್ರಾಂತ್ಯದ ರಾಜಧಾನಿಯಾಗಿದ್ದ ಆ ಊರಿನಲ್ಲಿ 1883ರಲ್ಲಿ ಹಿಸ್ಲಾಪ್ ಕಾಲೇಜು, 1885ರಲ್ಲಿ ಮಾರಿಸ್ ಕಾಲೇಜು ಶುರುವಾದವು. ವಿಶ್ವವಿದ್ಯಾಲಯ ಬಂದದ್ದು 1923ರಲ್ಲಿ. ಸುತ್ತಲಿನ ಜಿಲ್ಲೆಗಳಿಂದ ಓದಲು ಬಂದವನಿಗೆ ಊರಿನಲ್ಲಿ ನೆಂಟರಿದ್ದರೆ ಸರಿ. ಇಲ್ಲದಿದ್ದರೆ ತನ್ನ ಜಾತಿಯವರ ಕೇರಿಯಲ್ಲಿ ಕೋಣೆ ಹುಡುಕಬೇಕು. ಕನ್ನಡನಾಡಿನಲ್ಲೂ ಹೀಗೇ ಇತ್ತು. ಬಡ ಬ್ರಾಹ್ಮಣ ಹುಡುಗರು ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ ಎಂದು ವಾರಾನ್ನ ಮಾಡಿಕೊಂಡು ಓದಿದರು. ವಾರಾನ್ನ ಕಷ್ಟದ ಬದುಕು, ನಿಜ. ಆದರೆ ಅದಕ್ಕೂ ಕರೆದು ಊಟಕ್ಕೆ ಕೂರಿಸುವ ಏಳು ಮನೆಗಳು ಬೇಕು. ಅಂಥ ಒಂದು ಮನೆಯೂ ಇಲ್ಲದವರು ಓದುವುದು ಹೇಗೆ?

ಹಣ, ಪದವಿ, ಹುದ್ದೆ ಮೂರೂ ಇದ್ದರೂ ಬಾಗಿಲು ತೆರೆಯಲಿಲ್ಲ ಎನ್ನುವುದಕ್ಕೆ ಅಂಬೇಡ್ಕರರೇ ಸಾಕ್ಷಿ. ಕೊಲಂಬಿಯಾದಲ್ಲಿ, ಲಂಡನ್ನಿನಲ್ಲಿ ಓದಿ 1917ರಲ್ಲಿ ಬರೋಡಾ ಸಂಸ್ಥಾನದ ಕೆಲಸಕ್ಕೆ ಹೋದಾಗ ಅವರಿಗೆ ಅಲ್ಲಿ ಮನೆ ಸಿಗಲಿಲ್ಲ. ಪಾರ್ಸಿ ಹೆಸರು ಹೇಳಿಕೊಂಡು ಪಾರ್ಸಿಗಳ ಛತ್ರವೊಂದರಲ್ಲಿ ಉಳಿದರು. ಗುಟ್ಟು ರಟ್ಟಾದಾಗ ಕೋಲು ಹಿಡಿದ ಗುಂಪು ಬಂದು ಅವರನ್ನು ಅಲ್ಲಿಂದ ಹೊರಡಿಸಿತು.

ಕಾನೂನು ಬಿಟ್ಟ ಜಾಗವನ್ನು ಬೇರೆಯವರು ತುಂಬಬೇಕಾಯಿತು. ಕೊಲ್ಹಾಪುರದ ಶಾಹೂ ಮಹಾರಾಜರು 1901ರಲ್ಲಿ ಮರಾಠಾ ವಿದ್ಯಾರ್ಥಿಗಳಿಗಾಗಿ ವಿಕ್ಟೋರಿಯಾ ಬೋರ್ಡಿಂಗ್ ತೆರೆಸಿದರು. ಮುಂದೆ ಜೈನ, ಲಿಂಗಾಯತ, ಮುಸ್ಲಿಂ ಬೋರ್ಡಿಂಗುಗಳು ಬಂದವು. 1908ರಲ್ಲಿ ಅಸ್ಪೃಶ್ಯ ವಿದ್ಯಾರ್ಥಿಗಳಿಗಾಗಿ ಮಿಸ್ ಕ್ಲಾರ್ಕ್ ಬೋರ್ಡಿಂಗ್ ಬಂತು. ಇದೇ ಶಾಹೂ 1920ರ ಮೇ ಕೊನೆಯಲ್ಲಿ ನಾಗಪುರಕ್ಕೆ ಬಂದು ಅಖಿಲ ಭಾರತ ಬಹಿಷ್ಕೃತ ಪರಿಷತ್ತಿನ ಅಧ್ಯಕ್ಷತೆ ವಹಿಸಿದರು. ಅಂಬೇಡ್ಕರ್ ಕೂಡ ಅಲ್ಲಿದ್ದರು. 1924ರಲ್ಲಿ ಅಂಬೇಡ್ಕರ್ ಬಹಿಷ್ಕೃತ ಹಿತಕಾರಿಣಿ ಸಭಾ ಕಟ್ಟಿದರು. ಅದು ಕೈಗೆತ್ತಿಕೊಂಡ ಮೊದಲ ಕೆಲಸಗಳಲ್ಲಿ 1925ರ ಸೊಲ್ಲಾಪುರದ ವಿದ್ಯಾರ್ಥಿ ನಿಲಯವೂ ಒಂದು. 1929ರಲ್ಲಿ ಧಾರವಾಡದಲ್ಲೂ ಅವರ ಪ್ರಯತ್ನದಿಂದ ಒಂದು ನಿಲಯ ಶುರುವಾಯಿತು. ಧಾರವಾಡಕ್ಕೆ ಕರ್ನಾಟಕ ಕಾಲೇಜು ಬಂದು ಆಗ ಹನ್ನೆರಡು ವರ್ಷ. ಕಾಲೇಜು ಬಂದರೆ ಸಾಲದು, ರಾತ್ರಿ ಮಲಗಲು ಜಾಗ ಬೇಕು ಎನ್ನುವುದು ಅವರಿಗೆ ಬರೋಡಾದಲ್ಲೇ ತಿಳಿದಿತ್ತು.

ಈ ನಿಲಯಗಳು ತಲೆಮಾರುಗಳನ್ನು ಓದಿಸಿದವು. ಬೆಂಗಳೂರು, ಮೈಸೂರು, ಧಾರವಾಡಗಳಲ್ಲಿ ಸಮುದಾಯದ ಹೆಸರು ಹೊತ್ತ ಹಾಸ್ಟೆಲುಗಳು ಇಂದಿಗೂ ಇವೆ. ಅಲ್ಲಿ ಓದಿ ಮೇಲೆ ಬಂದವರ ಮಕ್ಕಳು ಈ ಪತ್ರದ ಓದುಗರಲ್ಲೂ ಇರಬಹುದು. ಆದರೆ ಈ ಪರಿಹಾರ ಹುಟ್ಟಿದ ರೀತಿಯನ್ನು ಮರೆಯಬಾರದು. ಊರಿನ ಸಾಮಾನ್ಯ ಬಾಡಿಗೆ ಕೋಣೆ ಎಲ್ಲರಿಗೂ ಸಿಗುವಂತಿದ್ದರೆ ಒಂದೊಂದು ಸಮುದಾಯವೂ ಒಂದೊಂದು ಕಟ್ಟಡ ಕಟ್ಟಬೇಕಾಗಿರಲಿಲ್ಲ. ಹಾಸ್ಟೆಲುಗಳು ಏಳುತ್ತ ಹೋದಂತೆ ಬಾಡಿಗೆ ಮನೆಗಳ ಪ್ರಶ್ನೆ ಹಾಗೆಯೇ ಉಳಿಯಿತು.

ಅದು ಈಗ ಮತ್ತೆ ಎದುರಿಗೆ ಬಂದಿದೆ, ಏಕೆಂದರೆ ಸರ್ಕಾರಿ ಹಾಸ್ಟೆಲುಗಳಲ್ಲಿ ಎಲ್ಲರಿಗೂ ಜಾಗವಿಲ್ಲ. ಜಾಗ ಸಿಗದ ಪರಿಶಿಷ್ಟ ಜಾತಿ ಮತ್ತು ನವಬೌದ್ಧ ವಿದ್ಯಾರ್ಥಿಗಳಿಗಾಗಿ ಮಹಾರಾಷ್ಟ್ರ 2016–17ರಲ್ಲಿ ಡಾ. ಬಾಬಾಸಾಹೇಬ ಅಂಬೇಡ್ಕರ್ ಸ್ವಾಧಾರ್ ಯೋಜನೆ ತಂದಿತು. ನಾಗಪುರದಂಥ ದೊಡ್ಡ ನಗರದಲ್ಲಿ ವರ್ಷಕ್ಕೆ 60,000 ರೂಪಾಯಿ. ಅದರಲ್ಲಿ ವಸತಿಯ ಪಾಲು 20,000. ಕರ್ನಾಟಕದ ವಿದ್ಯಾಸಿರಿ ಹಿಂದುಳಿದ ವರ್ಗದವರಿಗೆ ತಿಂಗಳಿಗೆ 1,500ರಂತೆ ಹತ್ತು ತಿಂಗಳು ಕೊಡುವ ಯೋಜನೆಯಾಗಿ ಬಂತು. ಎರಡರಲ್ಲೂ ಸರ್ಕಾರ ದುಡ್ಡು ಕೊಡುತ್ತದೆ. ಕೋಣೆಯನ್ನು ಹುಡುಗ ಅಥವಾ ಹುಡುಗಿ ತಾನೇ ಹುಡುಕಬೇಕು. ದುಡ್ಡು ಹಿಡಿದು ಹೋದವರನ್ನು ಮಾಲೀಕ ಮೊದಲು ಕೇಳುವುದು ಊರು, ಆಮೇಲೆ ಅಡ್ಡಹೆಸರು, ಆಮೇಲೆ ಊಟ ಏನು ಎಂದು. ಕೊನೆಗೆ ಬರುವ ಉತ್ತರ ಸಾಮಾನ್ಯವಾಗಿ “ಕೋಣೆ ನಿನ್ನೆಯೇ ಹೋಯಿತು”. ಇಂಥ ಉತ್ತರದ ಮೇಲೆ ದೂರು ಕೊಡುವುದಾದರೂ ಹೇಗೆ?

ಈ ನಡುವೆ ಬಾಡಿಗೆ ವಸತಿಯನ್ನು ಲೆಕ್ಕಕ್ಕೆ ತರುವ ಕೆಲಸ ನಡೆದೇ ಇದೆ. 2023ರಲ್ಲಿ ಬೆಂಗಳೂರಿನ ಪ್ರಕರಣವೊಂದರಲ್ಲಿ ಹಾಸ್ಟೆಲ್ ಎಂದರೆ ವಾಸದ ಮನೆಯಲ್ಲ, ಅದಕ್ಕೆ ಜಿಎಸ್‌ಟಿ ಬೀಳುತ್ತದೆ ಎಂಬ ತೀರ್ಮಾನ ಬಂತು. 2024ರ ಜೂನ್‌ನಲ್ಲಿ ಜಿಎಸ್‌ಟಿ ಮಂಡಳಿ, ಸತತ 90 ದಿನ ಇರುವವರಿಗೆ ತಲಾ ತಿಂಗಳಿಗೆ 20,000 ರೂಪಾಯಿವರೆಗಿನ ವಸತಿಗೆ ವಿನಾಯಿತಿ ಕೊಡಲು ಒಪ್ಪಿತು. ಅದೇ ಆಗಸ್ಟ್‌ನಲ್ಲಿ ಬಿಬಿಎಂಪಿ ಪಿಜಿಗಳಿಗೆ ನಿಯಮ ಮಾಡಿತು: ತಲಾ 70 ಚದರ ಅಡಿ ಜಾಗ, ದಿನಕ್ಕೆ 135 ಲೀಟರ್ ನೀರು, ಸಿಸಿಟಿವಿ, ಅಡುಗೆಗೆ ಆಹಾರ ಸುರಕ್ಷತಾ ಪರವಾನಗಿ. ಎಲ್ಲವೂ ಬೇಕಾದ ನಿಯಮಗಳೇ. ಇಕ್ಕಟ್ಟಾದ ಕೋಣೆಯಲ್ಲಿ ನಾಲ್ಕು ಮಂಚ ತುರುಕುವುದನ್ನು ಅಳತೆಪಟ್ಟಿಯೇ ತಡೆಯಬೇಕು. ಆದರೆ ಇವು ಗೋಡೆ, ನೀರು, ಕ್ಯಾಮೆರಾಗಳ ಲೆಕ್ಕ. 1904ರ ಷರತ್ತಿನ ಹಾಗೆಯೇ ಇವೂ ಒಳಗೆ ಬಂದವರ ಯೋಗಕ್ಷೇಮವನ್ನು ನೋಡುತ್ತವೆ.

ಆದರೂ ನೋಂದಣಿಯಿಂದ ಇನ್ನೊಂದು ಉಪಯೋಗವಿದೆ. 1955ರಲ್ಲಿ ಬಂದ, ಈಗ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆ ಎಂಬ ಹೆಸರಿನ ಕಾನೂನಿನ 5ನೇ ಸೆಕ್ಷನ್, ಸಾರ್ವಜನಿಕರಿಗಾಗಿ ನಡೆಸುವ ಹಾಸ್ಟೆಲಿಗೆ ಅಸ್ಪೃಶ್ಯತೆಯ ಕಾರಣಕ್ಕೆ ಪ್ರವೇಶ ನಿರಾಕರಿಸುವುದು ಅಪರಾಧ ಎನ್ನುತ್ತದೆ. 4ನೇ ಸೆಕ್ಷನ್ ವಾಸದ ಮನೆಗಳನ್ನೂ ಹೆಸರಿಸುತ್ತದೆ. ನೋಂದಣಿಯಿಲ್ಲದ ಮನೆಯ ಮಾಲೀಕ “ನನ್ನ ಮನೆ, ನನ್ನಿಷ್ಟ” ಎಂದು ಸುಲಭವಾಗಿ ಹೇಳಬಹುದು. ಹಾಸ್ಟೆಲ್ ಎಂದು ಬೋರ್ಡು ಹಾಕಿ, ಪರವಾನಗಿ ಪಡೆದು, ತೆರಿಗೆ ವಿನಾಯಿತಿಯನ್ನೂ ಪಡೆದವನು ಹಾಗೆನ್ನುವುದು ಕಷ್ಟ. ಅಲ್ಲಿ ಎಷ್ಟು ಹಾಸಿಗೆ ಇವೆ ಎಂಬುದು ದಾಖಲೆಯಲ್ಲಿರುತ್ತದೆ. ಎಷ್ಟು ಖಾಲಿ ಇವೆ, ಯಾರು ಕೇಳಿಬಂದರು, ಯಾಕೆ ಕೊಡಲಿಲ್ಲ ಎಂಬುದನ್ನೂ ಅದೇ ರಿಜಿಸ್ಟರಿನಲ್ಲಿ ಬರೆಸುವುದು ದೊಡ್ಡ ಕೆಲಸವಲ್ಲ. ಬರೆಸಿದರೆ “ನಿನ್ನೆಯೇ ಹೋಯಿತು” ಎನ್ನುವ ಮಾತನ್ನು ಪರೀಕ್ಷಿಸಲು ಒಂದು ಪುಟವಾದರೂ ಸಿಗುತ್ತದೆ.

ನೂರಿಪ್ಪತ್ತು ವರ್ಷಗಳಿಂದ ನಾವು ವಿದ್ಯಾರ್ಥಿಗಳ ಕೋಣೆಯ ಉದ್ದಗಲ ಅಳೆಯುತ್ತ, ಒಳಗಿರುವವರ ನಡತೆ ನೋಡುತ್ತ ಬಂದಿದ್ದೇವೆ. ನಾಗಪುರದಲ್ಲಾಗಲಿ ಬೆಂಗಳೂರಿನಲ್ಲಾಗಲಿ, ಬಾಡಿಗೆ ಮನೆಗೆ ವಿದ್ಯಾರ್ಥಿ ವಸತಿಯೆಂದು ಮಾನ್ಯತೆ ಕೊಡುವ ಅಧಿಕಾರಿ ಕೈಯಲ್ಲಿ ಟೇಪು ಹಿಡಿದೇ ಬರುತ್ತಾನೆ. ಬಾಗಿಲಿನಿಂದಲೇ ಹಿಂದಿರುಗಿದವರ ಹೆಸರು ಬರೆದುಕೊಳ್ಳಲು ಅವನ ನಮೂನೆಯಲ್ಲಿ ಒಂದು ಅಂಕಣ ಬೇಕು.