ಕೊನೆಗೆ ಅನುಮಾನ ಬಿದ್ದದ್ದು ಪ್ರೊಸೆಸರ್ ಮೇಲೆ

1994ರ ಜೂನ್‌ನಲ್ಲಿ ಥಾಮಸ್ ನೈಸ್ಲಿ ಅವರ ಲೆಕ್ಕ ತಾಳೆಯಾಗಲಿಲ್ಲ. ಅಮೆರಿಕದ ವರ್ಜೀನಿಯಾದ ಲಿಂಚ್‌ಬರ್ಗ್ ಕಾಲೇಜಿನ ಈ ಗಣಿತದ ಮೇಷ್ಟ್ರು 11 ಮತ್ತು 13, 17 ಮತ್ತು 19ರಂಥ ಅವಳಿ ಅವಿಭಾಜ್ಯ ಸಂಖ್ಯೆಗಳ ವ್ಯುತ್ಕ್ರಮಗಳನ್ನು ಕೂಡಿಸುತ್ತ ಹೋಗುತ್ತಿದ್ದರು. ಹಳೆಯ 486 ಯಂತ್ರಗಳ ಜೊತೆಗೆ ಅದೇ ವರ್ಷ ಇಂಟೆಲ್ ಕಂಪನಿಯ ಹೊಸ ಪ್ರೊಸೆಸರ್ ಪೆಂಟಿಯಮ್ ಇದ್ದ ಯಂತ್ರವೊಂದನ್ನೂ ಕೆಲಸಕ್ಕೆ ಹಚ್ಚಿದ್ದರು. ಅದು ಏಳುತ್ತಿತ್ತು, ಓಡುತ್ತಿತ್ತು. ತಪ್ಪುತ್ತಿದ್ದದ್ದು ಉತ್ತರ ಮಾತ್ರ.

ಕಂಪ್ಯೂಟರ್ ತನ್ನ ಆರೋಗ್ಯವನ್ನು ತಾನೇ ನೋಡಿಕೊಳ್ಳುವ ಪದ್ಧತಿ ಆಗಲೇ ಹಳೆಯದು. 1981ರ ಆಗಸ್ಟ್‌ನಲ್ಲಿ ಬಂದ ಐಬಿಎಂ ಪಿಸಿ, ಸ್ವಿಚ್ ಹಾಕಿದೊಡನೆ ಮದರ್‌ಬೋರ್ಡ್, ಮೆಮೊರಿ, ಕೀಬೋರ್ಡ್‌ಗಳನ್ನು ಒಂದೊಂದಾಗಿ ಪರೀಕ್ಷಿಸಿ, ಎಲ್ಲ ಸರಿಯಿದ್ದರೆ ಒಮ್ಮೆ ಬೀಪ್ ಎನ್ನುತ್ತಿತ್ತು. ಪರದೆಯ ಮೇಲೆ 301 ಬಂದರೆ ಕೀಬೋರ್ಡ್ ದೋಷ. ಮುಂದೆ ಎಎಂಐ ಕಂಪನಿಯ ಬಯೋಸ್‌ನಲ್ಲಿ, ಅಂದರೆ ಯಂತ್ರವನ್ನು ಏಳಿಸುವ ಮೂಲ ಪ್ರೋಗ್ರಾಮಿನಲ್ಲಿ, ಐದು ಚಿಕ್ಕ ಬೀಪ್ ಎಂದರೆ ಪ್ರೊಸೆಸರ್ ಕೆಟ್ಟಿದೆ ಎಂದಾಯಿತು.

ಆದರೆ ಈ ಪರೀಕ್ಷೆಯನ್ನು ನಡೆಸುವುದೇ ಪ್ರೊಸೆಸರ್. ಅದು ಪೂರ್ತಿ ಸತ್ತಿದ್ದರೆ ಬೀಪ್ ಮಾಡುವವರು ಯಾರು? ಹೊಸದಾಗಿ ಜೋಡಿಸಿದ ಯಂತ್ರದ ಫ್ಯಾನ್ ತಿರುಗಿ, ಪರದೆ ಕಪ್ಪಾಗಿಯೇ ಉಳಿದರೆ, ದೋಷ ಬೋರ್ಡಿನದೋ ಪ್ರೊಸೆಸರಿನದೋ ಹೇಳುವುದು ಕಷ್ಟ. 1984ರ ಐಬಿಎಂ ಎಟಿ ಇದಕ್ಕೆ ಅರ್ಧ ದಾರಿ ತೋರಿತು: ಪರೀಕ್ಷೆಯ ಪ್ರತಿ ಹಂತದಲ್ಲೂ ಒಂದು ಸಂಕೇತವನ್ನು 80 ಎಂಬ ಪೋರ್ಟಿಗೆ ಬರೆಯತೊಡಗಿತು. ಅದನ್ನು ಓದಿ ಎರಡು ಅಂಕಿಗಳಲ್ಲಿ ತೋರಿಸುವ ಪುಟ್ಟ ಕಾರ್ಡ್ ರಿಪೇರಿಯವರ ಕೈಗೆ ಬಂತು. ಅಂಕಿ ಎಲ್ಲಿ ನಿಂತಿತೋ ಅಲ್ಲಿಂದ ಹುಡುಕಾಟ ಶುರು. ಅಂಕಿಯೇ ಕದಲದಿದ್ದರೆ ಉಳಿದದ್ದು ಒಂದೇ ಉಪಾಯ, ಬಿಡಿಭಾಗಗಳನ್ನು ಒಂದೊಂದಾಗಿ ಬದಲಿಸಿ ನೋಡುವುದು.

ನೈಸ್ಲಿ ಮಾಡಿದ್ದೂ ಇದನ್ನೇ, ಅಪಾರ ತಾಳ್ಮೆಯಿಂದ. ಮೊದಲು ಸ್ವಂತ ಪ್ರೋಗ್ರಾಮನ್ನು ಶಂಕಿಸಿದರು, ಆಮೇಲೆ ಕಂಪೈಲರನ್ನು, ಆಮೇಲೆ ಬೋರ್ಡಿನ ಚಿಪ್‌ಸೆಟ್ಟನ್ನು. ಬೇರೆ ಬೇರೆ ಕಂಪನಿಗಳ ಪೆಂಟಿಯಮ್ ಯಂತ್ರಗಳಲ್ಲೂ ಅದೇ ತಪ್ಪು ಬಂತು, 486ರಲ್ಲಿ ಬರಲಿಲ್ಲ. ದಶಮಾಂಶದ ಲೆಕ್ಕ ಮಾಡುವ ಘಟಕವನ್ನು ಬಂದ್ ಮಾಡಿದರೆ ತಪ್ಪು ಮಾಯವಾಗುತ್ತಿತ್ತು. ಅಕ್ಟೋಬರ್ 19ರ ಹೊತ್ತಿಗೆ ಪ್ರೊಸೆಸರ್ ಬಿಟ್ಟು ಬೇರೆ ಆರೋಪಿ ಉಳಿದಿರಲಿಲ್ಲ. ನಾಲ್ಕು ತಿಂಗಳು ಯಾರನ್ನೂ ಅವಸರದಲ್ಲಿ ದೂರದೆ ನಡೆದ ಈ ಶೋಧ, ರಿಪೇರಿ ವಿದ್ಯೆಯ ಚರಿತ್ರೆಯಲ್ಲೇ ಅತ್ಯಂತ ಅಚ್ಚುಕಟ್ಟಾದದ್ದು ಎನ್ನಬೇಕು.

ಭಾಗಾಕಾರಕ್ಕೆಂದು ಚಿಪ್ಪಿನೊಳಗೆ ಕೂರಿಸಿದ್ದ ಕೋಷ್ಟಕದಲ್ಲಿ ಐದು ಮನೆಗಳು ಖಾಲಿ ಬಿದ್ದಿದ್ದವು ಎಂದು ಇಂಟೆಲ್ ವಿವರಿಸಿತು. 41,95,835ನ್ನು 31,45,727ರಿಂದ ಭಾಗಿಸಿದರೆ 1.3338 ಬರಬೇಕಾದ ಕಡೆ 1.3337 ಬರುತ್ತಿತ್ತು. ಇಷ್ಟು ಸಾಕಾದ್ದರಿಂದ ಯಾರು ಬೇಕಾದರೂ ಮನೆಯಲ್ಲೇ ಕೂತು ತಮ್ಮ ಯಂತ್ರವನ್ನು ಪರೀಕ್ಷಿಸಬಹುದಿತ್ತು. ಸಾಮಾನ್ಯ ಬಳಕೆದಾರನಿಗೆ ಈ ತಪ್ಪು 27,000 ವರ್ಷಕ್ಕೊಮ್ಮೆ ಎದುರಾದೀತು ಎಂದು ಕಂಪನಿ ಸಮಾಧಾನ ಹೇಳಿತು, ಜನ ಒಪ್ಪಲಿಲ್ಲ. ಡಿಸೆಂಬರ್ 20ರಂದು, ಕೇಳಿದವರಿಗೆಲ್ಲ ಚಿಪ್ ಬದಲಿಸಿಕೊಡುವುದಾಗಿ ಇಂಟೆಲ್ ಘೋಷಿಸಿತು. ಅದಕ್ಕಾಗಿ ಲೆಕ್ಕದಲ್ಲಿ ತೆಗೆದಿಟ್ಟ ಹಣ 47.5 ಕೋಟಿ ಡಾಲರ್.

1995ರಲ್ಲಿ ಬಂದ ಪೆಂಟಿಯಮ್ ಪ್ರೊದಲ್ಲಿ ಪ್ರೊಸೆಸರಿನ ಕೆಲವು ದೋಷಗಳನ್ನು ಅದನ್ನು ಕಳಚದೆಯೇ ತಿದ್ದುವ ವ್ಯವಸ್ಥೆ ಇತ್ತು. ಯಂತ್ರ ಏಳುವಾಗಲೆಲ್ಲ ಆ ತಿದ್ದುಪಡಿಯನ್ನು ಪ್ರೊಸೆಸರಿಗೆ ತುಂಬುವ ಕೆಲಸ ಮದರ್‌ಬೋರ್ಡಿನ ಬಯೋಸ್‌ಗೆ ಬಂತು.