ಪರಾಗಸ್ಪರ್ಶಕಗಳ ರಕ್ಷಣೆ ಮತ್ತು ಕೀಟನಾಶಕ ನಿರ್ಬಂಧ: ಮಂಡ್ಯ ಜಿಲ್ಲೆಯ ನಾಲ್ಕು ತಾಲ್ಲೂಕುಗಳು

ಜೇನ್ನೊಣ, ಒಂಟಿ ದುಂಬಿ, ಚಿಟ್ಟೆ, ಪತಂಗ ಮೊದಲಾದ ಪರಾಗಸ್ಪರ್ಶಕಗಳಿಗೆ ಮಾರಕವಾದ ಕೀಟನಾಶಕಗಳ ಮಾರಾಟ ಮತ್ತು ಬಳಕೆಯನ್ನು ಕಾನೂನು, ಕೃಷಿ ಸಲಹೆ ಅಥವಾ ಊರಿನ ಒಪ್ಪಂದದ ಮೂಲಕ ಹತೋಟಿಯಲ್ಲಿಡುವ ಕ್ರಮ. ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ (ಕೆ.ಆರ್. ಪೇಟೆ) ಮತ್ತು ನಾಗಮಂಗಲ ತಾಲ್ಲೂಕುಗಳಲ್ಲಿ ಈ ಹತೋಟಿಗೆ ಆಧಾರ 1968ರ ಕೇಂದ್ರ ಕೀಟನಾಶಕ ಕಾಯ್ದೆ. ಕಾಯ್ದೆ ಒಂದೊಂದು ರಾಸಾಯನಿಕವನ್ನು, ಒಂದೊಂದು ಬೆಳೆಯನ್ನು ಲೆಕ್ಕಕ್ಕೆ ಹಿಡಿಯುತ್ತದೆ. ಜೇನ್ನೊಣಕ್ಕೆ ಸರ್ವೆ ನಂಬರಿನ ಗೊಡವೆಯಿಲ್ಲ. ಗೂಡಿನ ಸುತ್ತ ಒಂದು ಕಿಲೋಮೀಟರ್ ದೂರ ಮೇಯಲು ಹೋಗುವ ತುಡುವೆ ಜೇನಿನ ಒಂದು ಕುಟುಂಬ 314 ಹೆಕ್ಟೇರ್, ಅಂದರೆ ಸುಮಾರು 775 ಎಕರೆ ನೆಲವನ್ನು ಸುತ್ತುತ್ತದೆ. ಎಕರೆ, ಎರಡೆಕರೆ ಹಿಡುವಳಿಯ ಈ ಸೀಮೆಯಲ್ಲಿ ಅದು ನೂರಾರು ರೈತರ ಜಮೀನು. ಒಬ್ಬ ರೈತ ಔಷಧಿ ಹೊಡೆಯುವುದನ್ನು ಬಿಟ್ಟರೆ ಆ ಕುಟುಂಬಕ್ಕೆ ಆಗುವ ಉಪಕಾರ ಅಷ್ಟಕ್ಕಷ್ಟೇ.

ನಾಲ್ಕೂ ತಾಲ್ಲೂಕುಗಳು ಒಂದೇ ಬಗೆಯವಲ್ಲ. ಶ್ರೀರಂಗಪಟ್ಟಣದಲ್ಲಿ ಚಿಕ್ಕದೇವರಾಯಸಾಗರ, ವಿರಿಜಾ, ಬಂಗಾರದೊಡ್ಡಿ ಎಂಬ ಕಾವೇರಿಯ ಹಳೆಯ ನಾಲೆಗಳಿವೆ. 1911ರಲ್ಲಿ ಕೆಲಸ ಶುರುವಾದ ಕನ್ನಂಬಾಡಿ ಕಟ್ಟೆ ಮುಗಿದು ವಿಶ್ವೇಶ್ವರಯ್ಯ ನಾಲೆ ಹರಿದ ಮೇಲೆ ಪಾಂಡವಪುರವೂ ಭತ್ತ, ಕಬ್ಬಿನ ತಾಲ್ಲೂಕಾಯಿತು. ಕೆ.ಆರ್. ಪೇಟೆಯ ಒಂದಷ್ಟು ಭಾಗಕ್ಕೆ ಹೇಮಾವತಿ ನಾಲೆಯ ನೀರು ಮುಟ್ಟುತ್ತದೆ. ಉಳಿದದ್ದು ತೆಂಗಿನ ತೋಟ ಮತ್ತು ಹೊಲ. ನಾಗಮಂಗಲ ಬಹುಮಟ್ಟಿಗೆ ಮಳೆಯನ್ನೇ ನಂಬಿದ್ದು: ರಾಗಿ, ಹುರುಳಿ, ಅವರೆ, ತೆಂಗು. ಭತ್ತ, ಕಬ್ಬು, ರಾಗಿ ಮೂರಕ್ಕೂ ಫಸಲು ಕೊಡಲು ಕೀಟಗಳ ಹಂಗಿಲ್ಲ. ಜೇನಿಗೂ ನಮ್ಮ ಬೆಳೆಗೂ ಏನು ಸಂಬಂಧ ಎಂಬ ಪ್ರಶ್ನೆ ನಾಲೆ ಬಯಲಿನಲ್ಲಿ ಹುಟ್ಟುವುದು ಅದಕ್ಕೇ. ಉತ್ತರ ಸಿಗುವುದು ಮುಖ್ಯ ಬೆಳೆಯಲ್ಲಲ್ಲ, ಅದರ ಬದುವಿನಲ್ಲಿ, ಅಕ್ಕಡಿಯಲ್ಲಿ, ಹಿತ್ತಲಲ್ಲಿ.

ರಾಗಿ ಹೊಲದಲ್ಲಿ ಅವರೆ, ತೊಗರಿ, ಜೋಳ, ಸಾಸಿವೆ, ಹುಚ್ಚೆಳ್ಳನ್ನು ಅಕ್ಕಡಿ ಸಾಲಾಗಿ ಬಿತ್ತುವುದು ಇಲ್ಲಿನ ಹಳೆಯ ಪದ್ಧತಿ. ಇವುಗಳಲ್ಲಿ ಹುಚ್ಚೆಳ್ಳು ತನ್ನದೇ ಪರಾಗದಿಂದ ಕಾಳು ಕಟ್ಟುವುದಿಲ್ಲ. ಇನ್ನೊಂದು ಗಿಡದ ಪರಾಗವನ್ನು ನೊಣ ಹೊತ್ತು ತರಬೇಕು. ಮಳೆಗಾಲ ಹಿಂದೆ ಸರಿಯುವ ಹೊತ್ತಿಗೆ ಅರಳುವ ಅದರ ಹಳದಿ ಹೂವಿನ ಸಾಲು ಜೇನಿಗೆ ದೊಡ್ಡ ಆಧಾರ. ತೊಗರಿ ಹೂವಿಗೆ ಬಡಗಿ ದುಂಬಿ, ಎಲೆಕತ್ತರಿಸುವ ದುಂಬಿಗಳು ಬರುತ್ತವೆ. ತೆಂಗಿನ ನಾಟಿ ತಳಿಗಳಲ್ಲಿ ಒಂದೇ ಹೊಂಬಾಳೆಯ ಗಂಡು ಹೂಗಳು ಉದುರಿದ ಮೇಲೆ ಹೆಣ್ಣು ಹೂಗಳು ಸಿದ್ಧವಾಗುವುದರಿಂದ ಬೇರೆ ಮರದ ಪರಾಗ ಬೇಕಾಗುತ್ತದೆ. ಅದನ್ನು ತರುವುದು ಗಾಳಿ ಮತ್ತು ಕೀಟಗಳು. ಹೊಂಬಾಳೆ ವರ್ಷವಿಡೀ ಒಡೆಯುವುದರಿಂದ ಬೇಸಿಗೆಯಲ್ಲೂ ಜೇನು ಹಸಿದು ಸಾಯುವುದಿಲ್ಲ. ಬದನೆ, ಟೊಮ್ಯಾಟೊ ಹೂಗಳ ಪರಾಗ ಕೋಶ ತುದಿಯಲ್ಲಿ ಸಣ್ಣ ರಂಧ್ರದಿಂದಷ್ಟೇ ತೆರೆಯುತ್ತದೆ. ರೆಕ್ಕೆಯ ಸ್ನಾಯುಗಳನ್ನು ಝೇಂಕರಿಸಿ ಹೂವನ್ನೇ ಅದುರಿಸುವ ಬಡಗಿ ದುಂಬಿ, ನೀಲಿಪಟ್ಟೆ ದುಂಬಿಗಳು ಆ ಪರಾಗವನ್ನು ಉದುರಿಸಬಲ್ಲವು, ಪೆಟ್ಟಿಗೆಯ ಜೇನಿಗೆ ಆ ವಿದ್ಯೆ ಬಾರದು. ಜೇನು ಪೆಟ್ಟಿಗೆಗೆ ಸಹಾಯಧನ ಕೊಟ್ಟರೆ ಪರಾಗಸ್ಪರ್ಶದ ಸಮಸ್ಯೆ ಮುಗಿಯಿತು ಎಂದುಕೊಳ್ಳುವವರು ಈ ಒಂದು ಸಂಗತಿಯನ್ನು ಮರೆಯುತ್ತಾರೆ.

ಇಲ್ಲಿ ಕಾಣುವ ಜೇನುಗಳಲ್ಲಿ ಹೆಜ್ಜೇನು, ತುಡುವೆ, ಕೋಲುಜೇನು, ಚುಚ್ಚದ ನಸರು ಜೇನು ಈ ನೆಲದವೇ. ಸಾಕಲು ತಂದದ್ದು ಯುರೋಪಿನ ಮೆಲ್ಲಿಫೆರ. ಜೇನು ಕಡಿಮೆಯಾದುದಕ್ಕೆಲ್ಲ ಔಷಧಿಯನ್ನೇ ದೂರುವುದು ಸರಿಯಲ್ಲ. 1991–92ರಲ್ಲಿ ಹಬ್ಬಿದ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತದ ತುಡುವೆ ಕುಟುಂಬಗಳಲ್ಲಿ ಬಹುಪಾಲನ್ನು ನಿರ್ನಾಮ ಮಾಡಿತು. ಕಳೆನಾಶಕ ಹೊಡೆದು ಬದು ಬೋಳಾದರೆ ತುಂಬೆಯಂಥ ಹೂವೂ ಇಲ್ಲವಾಗುತ್ತದೆ. ವಿಷ ತಾಗದಿದ್ದರೂ ಮೇವಿಲ್ಲದೆ ನೊಣ ಸೊರಗುತ್ತದೆ.

ವಿಷ ತಾಗುವ ಬಗೆ ಮೂರು. ಹಾರಾಟದ ಹೊತ್ತಿನಲ್ಲಿ ಸಿಂಪಡಣೆಯ ಹನಿ ನೇರ ಮೈಮೇಲೆ ಬೀಳಬಹುದು. ಅವರೆ, ತೊಗರಿಗೆ ಎರಚುವ ಪುಡಿ ಪರಾಗದ ಜೊತೆ ಕಾಲಿಗಂಟಿ ಗೂಡಿನ ಒಳಗೇ ಹೋಗಬಹುದು. ಮೂರನೆಯದು ಅಂತರ್ವ್ಯಾಪಿ ಕೀಟನಾಶಕಗಳದು: ಇಮಿಡಾಕ್ಲೋಪ್ರಿಡ್, ಥಯಾಮೆಥಾಕ್ಸಾಮ್, ಕ್ಲೋಥಿಯಾನಿಡಿನ್‌ಗಳಂಥ ನಿಯೋನಿಕೋಟಿನಾಯ್ಡ್‌ಗಳು ಗಿಡದ ರಸದಲ್ಲಿ ಸೇರಿ ಮಕರಂದ, ಪರಾಗಗಳವರೆಗೂ ಏರುತ್ತವೆ. ಆರ್ಗನೋಫಾಸ್ಫೇಟ್ ವಿಷವಾದರೆ ಪೆಟ್ಟಿಗೆಯ ಮುಂದೆಯೇ ಗುರುತು ಸಿಗುತ್ತದೆ. ನೊಣಗಳು ನಾಲಿಗೆ ಹೊರಚಾಚಿ, ಹಾರಲಾರದೆ ತೆವಳುತ್ತ, ಗುಂಪಾಗಿ ಸತ್ತುಬಿದ್ದಿರುತ್ತವೆ. ನಿಯೋನಿಕೋಟಿನಾಯ್ಡ್ ಅಲ್ಪ ಪ್ರಮಾಣದಲ್ಲಿ ತಾಗಿದಾಗ ಹೆಣ ಕಾಣದು. ಮೇಯಲು ಹೋದ ನೊಣ ದಾರಿ ತಪ್ಪಿ ಹಿಂತಿರುಗುವುದಿಲ್ಲ, ಕುಟುಂಬ ವಾರಗಳಲ್ಲಿ ಕ್ಷೀಣಿಸುತ್ತದೆ. ಕೆಲವು ಶಿಲೀಂಧ್ರನಾಶಕಗಳು ವಿಷವನ್ನು ಅರಗಿಸಿಕೊಳ್ಳುವ ನೊಣದ ಶಕ್ತಿಯನ್ನೇ ಕುಗ್ಗಿಸುವುದರಿಂದ, ರೋಗಕ್ಕೊಂದು ಹುಳಕ್ಕೊಂದು ಔಷಧಿಯನ್ನು ಒಂದೇ ಕ್ಯಾನಿನಲ್ಲಿ ಬೆರೆಸಿ ಹೊಡೆದಾಗ ಹಾನಿ ಹೆಚ್ಚುತ್ತದೆ.

ಡಬ್ಬಿಯ ಮೇಲಿನ ಬಣ್ಣದ ತ್ರಿಕೋನ ಇದನ್ನೆಲ್ಲ ಹೇಳುವುದಿಲ್ಲ. ಕೆಂಪು, ಹಳದಿ, ನೀಲಿ, ಹಸಿರು ಎಂಬ ನಾಲ್ಕು ದರ್ಜೆ ನಿಂತಿರುವುದು ಇಲಿಯಂಥ ಸಸ್ತನಿಗಳಿಗೆ ಎಷ್ಟು ವಿಷ ಎಂಬುದರ ಮೇಲೆ. ಥಯಾಮೆಥಾಕ್ಸಾಮ್ ಇಲಿಯ ಲೆಕ್ಕದಲ್ಲಿ ನೀಲಿ ದರ್ಜೆಯದು: ಪರೀಕ್ಷೆಯಲ್ಲಿ ಅರ್ಧದಷ್ಟು ಇಲಿಗಳನ್ನು ಕೊಲ್ಲುವ ಪ್ರಮಾಣ ದೇಹತೂಕದ ಕಿಲೋಗೆ 1,563 ಮಿಲಿಗ್ರಾಂ. ಬಾಯಿಯ ಮೂಲಕ ಹೋದರೆ ಅರ್ಧದಷ್ಟು ಜೇನ್ನೊಣಗಳನ್ನು ಕೊಲ್ಲಲು ನೊಣವೊಂದಕ್ಕೆ ಸುಮಾರು 5 ನ್ಯಾನೋಗ್ರಾಂ ಸಾಕು. ಶೇ. 25ರ ಪುಡಿಯನ್ನು ಭತ್ತಕ್ಕೆ ಲೀಟರಿಗೆ 0.2 ಗ್ರಾಂನಂತೆ ಬೆರೆಸಿದಾಗ ಒಂದು ದಪ್ಪ ಹನಿಯಲ್ಲಿ ಸುಮಾರು 2,500 ನ್ಯಾನೋಗ್ರಾಂ ಇರುತ್ತದೆ; ಲೆಕ್ಕದ ಮೇಲೆ ಅದು 500 ನೊಣಗಳ ಪಾಲು. ಜೇನಿಗೆ ವಿಷಕಾರಿ ಎಂಬ ಎಚ್ಚರಿಕೆ ಒಳಗಿನ ಮಡಿಸಿದ ಹಾಳೆಯಲ್ಲಿ ಸಣ್ಣ ಅಕ್ಷರದಲ್ಲಿದ್ದರೂ, ಅಂಗಡಿ ಕಟ್ಟೆಯ ಮೇಲೆ ಅದನ್ನು ಬಿಡಿಸಿ ಓದುವವರು ಯಾರು?

ಕಾಯ್ದೆಯಡಿ ಕೇಂದ್ರ ನೋಂದಣಿ ಸಮಿತಿ ಒಪ್ಪದ ಔಷಧಿಯನ್ನು ಮಾರುವಂತಿಲ್ಲ. ಒಮ್ಮೆ ಒಪ್ಪಿದ್ದನ್ನು ಹಿಂಪಡೆಯುವುದು ನಿಧಾನದ ಕೆಲಸ. 2013ರಲ್ಲಿ ಅನುಪಮ್ ವರ್ಮಾ ಅಧ್ಯಕ್ಷತೆಯ ಸಮಿತಿ 66 ಕೀಟನಾಶಕಗಳ ಪರಿಶೀಲನೆಗೆ ತೊಡಗಿತು. ಅದರ ಫಲವಾಗಿ ಆಗಸ್ಟ್ 2018ರಲ್ಲಿ 18 ಕೀಟನಾಶಕಗಳ ನಿಷೇಧ ಹೊರಬಿತ್ತು. ಜೇನಿಗೆ ಅತಿ ಅಪಾಯಕಾರಿಯಾದ ಕಾರ್ಬರಿಲ್, ಮಿಥೈಲ್ ಪ್ಯಾರಾಥಿಯಾನ್, ಫೆಂಥಿಯಾನ್ ಕೂಡಲೇ ನಿಂತವು; ಫೋರೇಟ್, ಡೈಕ್ಲೋರ್ವಾಸ್, ಟ್ರೈಅಜೋಫಾಸ್, ಫಾಸ್ಫಮಿಡಾನ್‌ಗಳಿಗೆ 31 ಡಿಸೆಂಬರ್ 2020ರವರೆಗೆ ಕಾಲಾವಕಾಶ ಸಿಕ್ಕಿತು. ಮೇ 2020ರ ಕರಡಿನಲ್ಲಿ ಇನ್ನೂ 27 ಕೀಟನಾಶಕಗಳಿದ್ದು, ಹಲವಕ್ಕೆ ಜೇನ್ನೊಣದ ಹಾನಿಯೂ ಒಂದು ಕಾರಣವೆಂದು ನಮೂದಾಗಿತ್ತು. 2023ರಲ್ಲಿ ಅಂತಿಮ ಆದೇಶ ಬಂದಾಗ ಅದು ಬಹಳ ಸೊರಗಿತ್ತು: ಡೈಕೋಫಾಲ್, ಡಿನೋಕ್ಯಾಪ್, ಮೆಥೋಮಿಲ್ ಪೂರ್ತಿ ನಿಷೇಧ, ಮೊನೊಕ್ರೊಟೊಫಾಸ್‌ನ ಶೇ. 36ರ ದ್ರಾವಣಕ್ಕೆ ತಡೆ, ಉಳಿದ ಕೆಲವಕ್ಕೆ ಇಂತಿಂಥ ಬೆಳೆಗೆ ಬೇಡ ಎಂಬ ಮಿತಿ. ಯುರೋಪಿಯನ್ ಒಕ್ಕೂಟ 2013ರಲ್ಲಿ ಮಿತಿಗೊಳಿಸಿ 2018ರಲ್ಲಿ ಬಯಲು ಬೆಳೆಗಳಲ್ಲಿ ನಿಷೇಧಿಸಿದ ಮೂರು ನಿಯೋನಿಕೋಟಿನಾಯ್ಡ್‌ಗಳಿಗೆ ಭಾರತದಲ್ಲಿ ಅಂಥ ನಿಷೇಧವಿಲ್ಲ.

ರಾಜ್ಯ ಸರ್ಕಾರದ ಕೈಯಲ್ಲಿರುವ ಅಸ್ತ್ರ ಕಾಯ್ದೆಯ 27ನೇ ಕಲಂ. ಮನುಷ್ಯರಿಗೋ ಪ್ರಾಣಿಗಳಿಗೋ ಅಪಾಯ ಕಂಡರೆ ಗೊತ್ತಾದ ಪ್ರದೇಶದಲ್ಲಿ 60 ದಿನ ಮಾರಾಟ, ಬಳಕೆ ತಡೆಯಬಹುದು. ತನಿಖೆ ಮುಗಿಯದಿದ್ದರೆ ಒಟ್ಟು 30 ದಿನ ವಿಸ್ತರಿಸಬಹುದು. ಕನ್ನಡಿಗರಿಗೆ ಇದರ ಪರಿಚಯವಾದದ್ದು ಎಂಡೋಸಲ್ಫಾನ್‌ನಿಂದ. ಕಾಸರಗೋಡಿನ ಗೇರು ತೋಟಗಳ ಮೇಲೆ ಕೇರಳ ಪ್ಲಾಂಟೇಷನ್ ಕಾರ್ಪೊರೇಷನ್ 2000ದವರೆಗೆ ಎರಡು ದಶಕಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಅದನ್ನು ಸಿಂಪಡಿಸಿತು. ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ, ನಿಡ್ಲೆ ಸುತ್ತ ಕರ್ನಾಟಕದ ಗೇರು ಅಭಿವೃದ್ಧಿ ನಿಗಮವೂ ಅದೇ ದಾರಿ ಹಿಡಿದಿತ್ತು. ಟೀ ಸೊಳ್ಳೆ ಎಂಬ ತಿಗಣೆಗಾಗಿ ಮಾಡುತ್ತಿದ್ದ ಈ ಸಿಂಪಡಣೆ ಚಿಗುರು, ಹೂ, ಎಳೆಗಾಯಿಯ ಹಂತಗಳಲ್ಲಿ ನಡೆಯುತ್ತಿತ್ತು. ಪರಾಗಸ್ಪರ್ಶಕ್ಕೆ ಕೀಟವನ್ನೇ ನೆಚ್ಚಿದ ಗೇರುಹೂವಿನ ಕಾಲವೂ ಅದೇ. ಪಡ್ರೆಯ ಪತ್ರಕರ್ತ ಶ್ರೀಪಡ್ರೆ, ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್ ಮೊದಲಾದವರು ಅದರಿಂದ ಊರಿನ ಮಕ್ಕಳಿಗಾದ ಹಾನಿಯನ್ನು ವರ್ಷಗಟ್ಟಲೆ ಬರೆದು, ದಾಖಲಿಸಿ ಹೊರಜಗತ್ತಿಗೆ ಮುಟ್ಟಿಸಿದರು. ಕರ್ನಾಟಕ ಫೆಬ್ರವರಿ 2011ರಲ್ಲಿ ಎಂಡೋಸಲ್ಫಾನನ್ನು ತಡೆಹಿಡಿಯಿತು. 13 ಮೇ 2011ರಂದು ಸುಪ್ರೀಂ ಕೋರ್ಟ್ ದೇಶದಾದ್ಯಂತ ತಡೆ ನೀಡಿತು. ಅಲ್ಲಿ ಕಾನೂನು ಅಲುಗಿದ್ದು ಮಕ್ಕಳ ಅಂಗವೈಕಲ್ಯ ಕಣ್ಣಿಗೆ ಕಂಡ ಮೇಲೆ. ಜೇನು ಸತ್ತಿತೆಂಬ ಒಂದೇ ಕಾರಣಕ್ಕೆ 27ನೇ ಕಲಮನ್ನು ಎತ್ತಿಕೊಳ್ಳುವ ದಿನ ದೂರವೇ ಇದೆ.

ನಿಷೇಧಕ್ಕೆ ಕಾಯದೆ ಔಷಧಿ ಕಡಿಮೆ ಮಾಡಿದ ನಿದರ್ಶನಗಳು ಈ ತಾಲ್ಲೂಕುಗಳ ಬೆಳೆಗಳಲ್ಲೇ ಇವೆ. 2016ರಲ್ಲಿ ದಕ್ಷಿಣ ಭಾರತದ ತೆಂಗಿನಲ್ಲಿ ಕಾಣಿಸಿಕೊಂಡ ರುಗೋಸ್ ಸುರುಳಿ ಬಿಳಿನೊಣಕ್ಕೆ ಕೀಟನಾಶಕ ಹೊಡೆಯಲೇಬೇಡಿ ಎಂದು ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಲಹೆ ಕೊಟ್ಟಿತು. ಬಿಳಿನೊಣದೊಳಗೆ ಮೊಟ್ಟೆಯಿಡುವ ಎನ್ಕಾರ್ಸಿಯ ಎಂಬ ಪುಟ್ಟ ಕಣಜ ಉಳಿದರೆ ಹತೋಟಿ ತಾನಾಗಿ ಆಗುತ್ತದೆ ಎಂಬುದು ಕಾರಣ. ಹೊಂಬಾಳೆಯ ಜೇನಿಗೂ ಅದರಿಂದ ರಕ್ಷೆ. ಭತ್ತದ ಕಂದು ಜಿಗಿಹುಳುವಿನ ಕಥೆ ಇನ್ನೂ ವಿಚಿತ್ರ. ಪೈರೆಥ್ರಾಯ್ಡ್‌ಗಳನ್ನು ಹೊಡೆದಷ್ಟೂ ಜೇಡ ಮೊದಲಾದ ಶತ್ರುಗಳು ಸತ್ತು ಹುಳು ಮತ್ತೆ ಕೆರಳುತ್ತದೆ. ಯೂರಿಯಾ ಮಿತಿಯಲ್ಲಿಟ್ಟು, ನಾಟಿಯಲ್ಲಿ ನಡುನಡುವೆ ಸಾಲು ಬಿಟ್ಟು, ಗದ್ದೆಯ ನೀರನ್ನು ಆಗಾಗ ಬಸಿದರೆ ಅದರ ಹಾವಳಿ ಇಳಿಯುತ್ತದೆ. ಹೊಡೆಯಲೇಬೇಕಾದರೂ ಭತ್ತದ ಹೂ ಬಿರಿದು ಜೇನು ಪರಾಗಕ್ಕೆ ಬರುವ ಒಂಬತ್ತರಿಂದ ಮಧ್ಯಾಹ್ನದ ಹೊತ್ತನ್ನು ಬಿಡಬೇಕು.

ಸಂಜೆ ಹೊಡೆಯಿರಿ ಎಂಬ ಸಾಮಾನ್ಯ ಸಲಹೆ ಎಲ್ಲ ಬೆಳೆಗೂ ಹೊಂದುವುದಿಲ್ಲ. ಕುಂಬಳ, ಸೌತೆ ಬೆಳಿಗ್ಗೆ ಅರಳುವುದರಿಂದ ಅವಕ್ಕೆ ಸಂಜೆ ಸರಿ. ಹೀರೆ, ಸೋರೆ ಅರಳುವುದೇ ಸಂಜೆ, ಅವನ್ನು ನೆಚ್ಚಿದ ಪತಂಗಗಳ ಓಡಾಟ ಶುರುವಾಗುವುದೂ ಆಗಲೇ. ಅವಕ್ಕೆ ಬೇವಿನ ಎಣ್ಣೆ, ಹಣ್ಣುನೊಣಕ್ಕೆ ಮೋಹಕ ಬಲೆ ಇಂಥವೇ ಮೇಲು. ಈ ಮಟ್ಟದ ವಿವರ ಮಂಡ್ಯದ ವಿ.ಸಿ. ಫಾರಂನ ಕೃಷಿ ವಿಜ್ಞಾನ ಕೇಂದ್ರದಲ್ಲೋ ರೈತ ಸಂಪರ್ಕ ಕೇಂದ್ರದಲ್ಲೋ ಕೇಳಿದವರಿಗೆ ಸಿಗಬಹುದು. ಹೆಚ್ಚಿನ ರೈತರಿಗೆ ಮೊದಲ ಸಲಹೆಗಾರ ಗೊಬ್ಬರದಂಗಡಿಯವನೇ. ಮಾರಾಟಗಾರರಿಗೆಂದು ಹೈದರಾಬಾದಿನ ಮ್ಯಾನೇಜ್ ಸಂಸ್ಥೆ ರೂಪಿಸಿದ 48 ವಾರಗಳ ಡಿಪ್ಲೊಮಾ ಇದೆ; ಆದರೆ ಮಾರಾಟದ ಲಾಭ ಮತ್ತು ಕಡಿಮೆ ಬಳಸಿ ಎಂಬ ಸಲಹೆ ಒಂದೇ ಬಾಯಿಂದ ಬರುವುದು ಕಷ್ಟ.

ಜಿಲ್ಲೆಯ ರೇಷ್ಮೆ ಬೆಳೆಗಾರರಿಗೆ ಔಷಧಿಯ ಭಯ ಹೊಸದಲ್ಲ. ಪಕ್ಕದ ಹೊಲದಿಂದ ತೂರಿಬಂದ ಲೇಶ ವಿಷ ಹಿಪ್ಪುನೇರಳೆ ಸೊಪ್ಪಿಗೆ ತಾಗಿದರೂ ಹುಳ ಸಾಯುತ್ತದೆ. ಸಿಂಪಡಿಸಿದ ಸೊಪ್ಪನ್ನು ಎಷ್ಟು ದಿನ ಬಿಟ್ಟು ಕೊಡಬೇಕೆಂಬ ಲೆಕ್ಕವೂ ಅವರಿಗೆ ಗೊತ್ತು. ಹುಳ ಸತ್ತರೆ ಸಾಕಿದವನ ತಟ್ಟೆಯಲ್ಲೇ ಸಾಯುತ್ತದೆ, ನಷ್ಟಕ್ಕೆ ವಾರಸುದಾರನಿದ್ದಾನೆ. ಬಂಡೆಗೋ ಆಲದ ಕೊಂಬೆಗೋ ಕಟ್ಟಿದ ಹೆಜ್ಜೇನು, ಬದುವಿನ ಮಣ್ಣಲ್ಲಿ ಬಿಲ ತೋಡುವ ಒಂಟಿ ದುಂಬಿ ಯಾರ ಖಾತೆಯಲ್ಲೂ ಇಲ್ಲ. ಪೆಟ್ಟಿಗೆ ಜೇನಿನ ಒಡೆಯ ಮಾತ್ರ ಮುಂಚೆ ತಿಳಿದರೆ ರಾತ್ರಿ ಬಾಗಿಲು ಮುಚ್ಚಿ, ಒದ್ದೆ ಗೋಣಿ ಹೊದಿಸಿ ಒಂದು ದಿನ ಕಾಪಾಡಬಹುದು, ಇಲ್ಲವೇ ಮೂರು ಕಿಲೋಮೀಟರ್ ಆಚೆಗೆ ಸಾಗಿಸಬಹುದು. ಅದಕ್ಕಿಂತ ಹತ್ತಿರ ಇಟ್ಟರೆ ನೊಣಗಳು ಹಳೆಯ ಜಾಗಕ್ಕೇ ಮರಳುತ್ತವೆ.

ಮುಂಚೆ ತಿಳಿಸುವ ಈ ಕಟ್ಟಳೆ 1971ರ ಕೀಟನಾಶಕ ನಿಯಮಗಳಲ್ಲಿ ಒಂದು ಕಡೆ ಮಾತ್ರ ಸ್ಪಷ್ಟವಾಗಿದೆ. ಆಕಾಶದಿಂದ ಸಿಂಪಡಿಸುವವರು ಕನಿಷ್ಠ 24 ಗಂಟೆ ಮೊದಲು ಸಾರ್ವಜನಿಕರಿಗೆ ಪ್ರಕಟಿಸಬೇಕು ಎನ್ನುತ್ತದೆ 43ನೇ ನಿಯಮ. ಕೃಷಿ ಡ್ರೋನ್‌ಗಳಿಗೆ ಕೇಂದ್ರ ಸರ್ಕಾರ ಡಿಸೆಂಬರ್ 2021ರಲ್ಲಿ ಪ್ರತ್ಯೇಕ ಕಾರ್ಯವಿಧಾನ ಹೊರಡಿಸಿತು. ಹೆಗಲಿಗೆ ಕ್ಯಾನು ಹಾಕಿಕೊಂಡು ಹೊಡೆಯುವವರಿಗೆ ಇಂಥ ಪ್ರಕಟಣೆಯ ನಿಯಮವಿಲ್ಲ.