ಜರ್ಮನ್ ಬೋಗಾಣಿಯ ಜಮಾ-ಖರ್ಚು

ನಮ್ಮ ಉಣಕಲ್ಲಿನ ಹಳೇ ಮನಿಗಳ ಅಡಿಗಿಮನ್ಯಾಗ ಒಂದಾದರೂ "ಜರ್ಮನ್ ಬೋಗಾಣಿ" ಇದ್ದೇ ಇರ್ತದ. ಹೆಸರಷ್ಟ ಜರ್ಮನ್, ಲೋಹ ಅಲ್ಯುಮಿನಿಯಂ. ಅದರ ಬಗ್ಗೆ ಒಂದು ಮೆಸೇಜ್ ಫ್ಯಾಮಿಲಿ ಗ್ರೂಪಿಗೆ ಮತ್ತ ಮತ್ತ ಬರ್ತದ: ಜೈಲಿನಲ್ಲಿದ್ದ ಹೋರಾಟಗಾರರನ್ನು ನಿಧಾನಕ್ಕೆ ಕೊಲ್ಲಲು ಬ್ರಿಟಿಷರು ಈ ಪಾತ್ರೆ ತಂದರಂತೆ. ಕೇಳಾಕ ಸಿನಿಮಾ ಕತಿ ಇದ್ದಂಗದ. ಖರೇ ಇತಿಹಾಸ ಬ್ಯಾರೆ ಅದ ನೋಡ್ರಿ.

1886ರಲ್ಲಿ ಅಮೆರಿಕದ ಚಾರ್ಲ್ಸ್ ಹಾಲ್ ಮತ್ತು ಫ್ರಾನ್ಸಿನ ಪಾಲ್ ಎರೂ, ಒಬ್ಬರಿಗೊಬ್ಬರು ಗೊತ್ತಿಲ್ಲದೇ, ವಿದ್ಯುತ್ತಿನಿಂದ ಅಲ್ಯುಮಿನಿಯಂ ತೆಗೆಯುವ ಒಂದೇ ವಿಧಾನ ಕಂಡುಹಿಡಿದರು. ತುಟ್ಟಿ ಲೋಹ ಸೋವಿ ಆಯಿತು. 1898ರಲ್ಲಿ ಮದ್ರಾಸಿನ ಕಲಾಶಾಲೆಯಲ್ಲಿ ಆಲ್ಫ್ರೆಡ್ ಚಾಟರ್ಟನ್ ಅದರಿಂದ ಪಾತ್ರೆ ಮಾಡಿಸತೊಡಗಿದರು. ಇದೇ ಚಾಟರ್ಟನ್ 1912ರಲ್ಲಿ ಮೈಸೂರು ಸಂಸ್ಥಾನದ ಕೈಗಾರಿಕಾ ನಿರ್ದೇಶಕರಾದರು. ಅವರ ಗುರಿ ಹೊಸ ಉದ್ಯೋಗ ಕಟ್ಟೋದು, ವಿಷ ಹಾಕೋದಲ್ಲ.

ಹಾಗಾದ್ರ ಈ ಲೋಹ ಮೈಯಾಗ ಹೋಗೋದ ಇಲ್ಲೇನು? ಹೋಗ್ತದ. ಬಿಕಾಂ ಹುಡುಗ ನಾನು, ಜಮಾ-ಖರ್ಚಿನ ಲೆಕ್ಕದಾಗ ಹೇಳ್ತೀನಿ.

ಜಮಾ: ಊಟದಲ್ಲಿ 1000 ಪಾಲು ಅಲ್ಯುಮಿನಿಯಂ ಇದ್ದರೆ ರಕ್ತ ಸೇರೋದು ಸುಮಾರು 1 ಪಾಲು. ಉಳಿದದ್ದು ಮಲದ ಜೊತೆ ಹೊರಗೆ. ಹುಳಿ ಇದ್ದರೆ ಪಾತ್ರೆಯಿಂದ ಜಾಸ್ತಿ ಬಿಡ್ತದ. ನಿಂಬೆಯ ಸಿಟ್ರಿಕ್ ಆಮ್ಲ ಅಂತೂ ಕರುಳು ದಾಟಾಕ ಇನ್ನಷ್ಟು ದಾರಿ ಮಾಡಿಕೊಡ್ತದ.

ಖರ್ಚು: ರಕ್ತದಲ್ಲಿ ಅದು ಕಬ್ಬಿಣ ಹೊರುವ ಪ್ರೋಟೀನಿಗೇ ಅಂಟಿಕೊಂಡು ಸುತ್ತುತ್ತದೆ. ಹೊರಗೆ ಹಾಕುವ ಮುಖ್ಯ ಕೆಲಸ ಕಿಡ್ನಿಯದು. 1990ರ ದಶಕದಲ್ಲಿ ಬ್ರಿಟನ್ನಿನಲ್ಲಿ ಒಬ್ಬ ಸ್ವಯಂಸೇವಕನ ರಕ್ತಕ್ಕೆ ಗುರುತು ಹಚ್ಚಿದ ಅಲ್ಯುಮಿನಿಯಂ ಚುಚ್ಚಿ ನೋಡಿದರು. 13 ದಿನದಲ್ಲಿ ಶೇ. 83ರಷ್ಟು ಮೂತ್ರದಲ್ಲಿ ಹೋಗಿತ್ತು.

ಬಾಕಿ: ಸ್ವಲ್ಪ ಮಾತ್ರ ಉಳೀತದ. ಬಹುಪಾಲು ಎಲುಬಿನಾಗ, ಚೂರು ಮೆದುಳಿನಾಗ. ಅದು ಕರಗಾಕ ವರ್ಷಗಟ್ಟಲೆ ಬೇಕು.

ಈಗ ಖರೇ ಪ್ರಶ್ನೆ. ಖರ್ಚಿನ ಬಾಗಿಲೇ ಮುಚ್ಚಿದ್ರ?

1970ರ ದಶಕ, ಅಮೆರಿಕದ ಡೆನ್ವರ್. ವರ್ಷಗಟ್ಟಲೆ ಡಯಾಲಿಸಿಸ್ ಮೇಲಿದ್ದ ಕೆಲವರಿಗೆ ಮೊದಲು ಮಾತು ತೊದಲತೊಡಗಿತು. ಆಮೇಲೆ ಕೈಕಾಲು ನಡುಕ, ಫಿಟ್ಸ್, ಮರೆವು, ಸಾವು. 1976ರಲ್ಲಿ ಡಾ. ಅಲ್‌ಫ್ರೀ ಮತ್ತು ಜೊತೆಗಾರರು ಸತ್ತವರ ಮೆದುಳು ಪರೀಕ್ಷಿಸಿದಾಗ ಅಲ್ಯುಮಿನಿಯಂ ಸಿಕ್ಕಾಪಟ್ಟೆ ಇತ್ತು. ರಂಜಕ ಕಡಿಮೆ ಮಾಡಲು ಕೊಡುತ್ತಿದ್ದ ಗುಳಿಗೆಯಲ್ಲೂ ಅದೇ ಇತ್ತು, ಡಯಾಲಿಸಿಸ್ ನೀರಿನಲ್ಲೂ ಅದೇ. ಒಂದು ಸಲದ ಡಯಾಲಿಸಿಸ್‌ಗೆ ಸುಮಾರು 120 ಲೀಟರ್ ನೀರು ಬೇಕು. ಆ ನೀರಿನ ಲೋಹಕ್ಕೆ ಕರುಳಿನ ತಡೆಯೇ ಇಲ್ಲ, ಸೀದಾ ರಕ್ತಕ್ಕೆ. ಹೊರಗೆ ಹಾಕಾಕ ಕಿಡ್ನಿನೂ ಇಲ್ಲ. ಜೀವ ಉಳಿಸುವ ಮಶಿನ್ನೇ ವಿಷ ತುಂಬುತ್ತಿತ್ತು, ಯಾರಿಗೂ ಗೊತ್ತಿರಲಿಲ್ಲ.

ನಳದ ನೀರಿಗೆ ಆ ಲೋಹ ಬಂದದ್ದು ಎಲ್ಲಿಂದ? ಬಹಳ ಕಡೆ ಪಟಕದಿಂದ. ಕೆಸರು ತಳಕ್ಕಿಳಿಸಲು ನೀರು ಶುದ್ಧೀಕರಣದಲ್ಲಿ ಜಗತ್ತಿನ ತುಂಬ ಅದನ್ನೇ ಹಾಕ್ತಾರ. ಕುಡಿಯೋ ನೀರಿನಾಗ ಲೀಟರಿಗೆ 0.03 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲದಿದ್ದರೆ 0.2ರ ತನಕ ನಡೀತದ ಅಂತದ ನಮ್ಮ ದೇಶದ ಮಾನದಂಡ. ಕಿಡ್ನಿ ಸರಿ ಇದ್ದವರಿಗೆ ಅಷ್ಟು ತೊಂದರೆ ಅಲ್ಲ. ಆದರೆ ಡಯಾಲಿಸಿಸ್ ಯೂನಿಟ್ಟಿನಾಗ ಆರ್‌ಒ ಮಶಿನ್ ಕಡ್ಡಾಯ ಆಗಿರೋದಕ್ಕ ಆ ಸಾವುಗಳೂ ಒಂದು ಕಾರಣ.

ಅಂದ್ರ ಬೋಗಾಣಿ ಒಗೀಬೇಕಿಲ್ಲ. ಪುಂಡಿಪಲ್ಯ, ಹುಳಿಸಾರು, ಮಜ್ಜಿಗೆ ಅದರಾಗ ರಾತ್ರಿಯಿಡೀ ಇಡಬ್ಯಾಡ್ರಿ, ಸಾಕು. ಅಲ್ಜೈಮರ್ ರೋಗ ಪಾತ್ರೆಯಿಂದ ಬರ್ತದ ಅಂತ ಸಾಬೀತಾಗಿಲ್ಲ. ಆದ್ರ ಮನ್ಯಾಗ ಯಾರಿಗಾದ್ರೂ ಕಿಡ್ನಿ ತೊಂದರೆ ಇದ್ರ, ಎದಿ ಉರಿಗೆ ಅಂತ ಅಂಗಡಿಯಿಂದ ಆಂಟಾಸಿಡ್ ತಂದು ಕೊಡೋಕಿಂತ ಮೊದಲ ಡಾಕ್ಟರ್ ಕೇಳ್ರಿ. ಎಷ್ಟೋ ಆಂಟಾಸಿಡ್‌ನಾಗ ಅಲ್ಯುಮಿನಿಯಂ ಇರ್ತದ.

ಜೈಲಿನ ಕತಿ ಕಳಿಸಿದ ಕಾಕಾಗೆ ಇದನ್ನ ಕಳಿಸ್ರಿ. ಮಾತು ತೊದಲಿ ಸತ್ತವರ ಇತಿಹಾಸಾನೂ ಒಂದು ಫಾರ್ವರ್ಡ್ ಆಗಲಿ.

#ಉಣಕಲ್ #ಹುಬ್ಬಳ್ಳಿಧಾರವಾಡ #ಮನಿಸಾಮಾನಿನಇತಿಹಾಸ